ಜೂನ್ ಒಂದರಂದು ಹುಟ್ಟಿದವರು

ಹಾನಗಲ್ಲಿನ ಒಂದು ಸೇವಾ ಕ್ಲಬ್ಬಿನವರು ತಮ್ಮ ವಾರದ ಸಭೆಗೆ ನಮ್ಮನ್ನು ಕರೆದರು. ವಿಷಯ, ನಮ್ಮ ಭಾಗದ ಶಿಕ್ಷಣದ ಇತಿಹಾಸ. ಸಮಯ, ಇಪ್ಪತ್ತು ನಿಮಿಷ. ನಾವು ನಾಲ್ವರು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕಿಗೆ ಒಬ್ಬೊಬ್ಬರು. ಗ್ರಾಮೀಣ ಪತ್ರಿಕೋದ್ಯಮ ಓದುವಾಗ ಒಂದೇ ತರಗತಿಯಲ್ಲಿ ಕೂತವರು.

ನಿಜ ಹೇಳಬೇಕೆಂದರೆ ಇಂಥ ಕ್ಲಬ್ಬುಗಳ ಬಗ್ಗೆ ನಮಗೆ ಒಂದಿಷ್ಟು ತಾತ್ಸಾರವಿತ್ತು. ತಾಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸಿದವರಿಗೆಲ್ಲ ಇದು ಗೊತ್ತು. ವಾರಕ್ಕೊಂದು ಪ್ರೆಸ್ ನೋಟ್ ಬರುತ್ತದೆ, ಜೊತೆಗೊಂದು ಫೋಟೋ. ಒಬ್ಬ ಹುಡುಗನ ಕೈಗೆ ಒಂದು ನೋಟ್‌ಬುಕ್ಕು, ಆ ನೋಟ್‌ಬುಕ್ಕಿಗೆ ಹನ್ನೊಂದು ಕೈ. ನಾವು ಅದನ್ನು ಮೂರು ಸಾಲಿಗೆ ಇಳಿಸುತ್ತಿದ್ದೆವು. ಯಾರ ಹೆಸರು ಬಿಟ್ಟೆವೋ ಅವರು ಮರುದಿನ ಫೋನ್ ಮಾಡುತ್ತಿದ್ದರು.

ಸಭೆ ಜೂನ್ ಮೊದಲ ವಾರದಲ್ಲಿತ್ತು. ಮಳೆ ಹಿಡಿದಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಅಧ್ಯಕ್ಷರು ಕೊರಳಿಗೆ ಪದಕದ ಪಟ್ಟಿ ಹಾಕಿಕೊಂಡು ಗಂಟೆ ಬಾರಿಸಿದರು. ಪ್ರಾರ್ಥನೆ, ಹಿಂದಿನ ಸಭೆಯ ವರದಿ, ತಡವಾಗಿ ಬಂದವರಿಗೆ ದಂಡ. ಈ ವಾರವಾರ ಸೇರುವ ಪದ್ಧತಿ 1905ರಲ್ಲಿ ಚಿಕಾಗೋದ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರನ್ನು ಕೂಡಿಸಿಕೊಂಡು ಶುರು ಮಾಡಿದ್ದು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು, ಅದಕ್ಕೇ ರೋಟರಿ ಎಂಬ ಹೆಸರು. ಅಲ್ಲಿಂದ ಹೊರಟ ರೂಢಿ ನೂರಾರು ಕ್ಲಬ್ಬುಗಳಿಗೆ ಹಬ್ಬಿ ಹಾನಗಲ್ಲಿಗೂ ಬಂದು, ಇಲ್ಲಿ ಅಡತಿ ವ್ಯಾಪಾರಿಗಳು, ಡಾಕ್ಟರು, ಗೊಬ್ಬರದಂಗಡಿಯವರು, ನಿವೃತ್ತ ಮಾಸ್ತರರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ದಂಡ ವಸೂಲಿ ಮಾಡುವ ಔಷಧಿ ಅಂಗಡಿಯವರು ನಮ್ಮನ್ನೂ ಬಿಡಲಿಲ್ಲ. ಹತ್ತು ನಿಮಿಷ ತಡ, ತಲೆಗೆ ಇಪ್ಪತ್ತು ರೂಪಾಯಿ.

ಆಮೇಲೆ ಹುಟ್ಟುಹಬ್ಬ. ಕಾರ್ಯದರ್ಶಿ ಆ ವಾರ ಹುಟ್ಟಿದ ಸದಸ್ಯರ ಹೆಸರು ಓದಿದರು. ಏಳು ಜನ ಎದ್ದು ನಿಂತರು. ಏಳೂ ಜನರ ಹುಟ್ಟಿದ ದಿನ ಜೂನ್ 1. ಕೇಕು ಒಂದೇ ಇತ್ತು.

ಸಭೆಯಲ್ಲಿ ನಗೆ ಎದ್ದಿತು. ಏಳರಲ್ಲಿ ಹಿರಿಯರೊಬ್ಬರು ಚಾಕು ಹಿಡಿದುಕೊಂಡೇ ಹೇಳಿದರು: "ನಮ್ಮವ್ವ ನಾ ಸೀಗಿ ಹುಣ್ಣಿವಿ ಮರುದಿನ ಹುಟ್ಟೇನಿ ಅಂತಿದ್ಲ್ರಿ. ಹೆಡ್‌ಮಾಸ್ತರು ಜೂನ್ ಒಂದಕ್ಕ ಹುಟ್ಟಿಸಿದ್ರು. ಅವ್ವನ ಮಾತು ಕಾಗದದಾಗ ಇಲ್ಲ, ಮಾಸ್ತರ ಮಾತು ಪಿಂಚಣಿ ತನಕಾ ಬಂತು."

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ ಶುರುವಾಗುವುದು ಜೂನಿನಲ್ಲಿ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು. ಹುಟ್ಟಿದ ದಿನ ಬರೆದಿಟ್ಟ ಮನೆಗಳು ಕಡಿಮೆ. ಮಾಸ್ತರರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೋ, ಆರು ವರ್ಷ. ಅಲ್ಲಿಂದ ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದರೆ ಲೆಕ್ಕ ಸರಿ. ನಮ್ಮ ನಾಲ್ವರಲ್ಲೇ ಇಬ್ಬರ ಅಪ್ಪಂದಿರು ಜೂನ್ 1ರವರು.

ನಮ್ಮ ಭಾಷಣಕ್ಕೆ ಇದೇ ಪೀಠಿಕೆ ಆಗಬೇಕಿತ್ತು. ಆದರೆ ನಾವು ಬರೆದುಕೊಂಡು ಹೋಗಿದ್ದೆವು, ಬರೆದುಕೊಂಡು ಹೋದವರು ಬರೆದದ್ದನ್ನೇ ಓದುತ್ತಾರೆ.

ಬಂಕಾಪುರದಿಂದ ಶುರು ಮಾಡಿದೆವು. ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರು ಅಲ್ಲಿದ್ದರು, ಚಾವುಂಡರಾಯನೂ ರನ್ನನೂ ಅವರ ಶಿಷ್ಯರು. ಇವತ್ತು ಶಿಗ್ಗಾವಿ ತಾಲೂಕಿನ ಹುಡುಗರು ಓದಲು ಧಾರವಾಡಕ್ಕೆ ಹೋಗುತ್ತಾರೆ, ಆಗ ಓದಲು ಬಂಕಾಪುರಕ್ಕೆ ಬರುತ್ತಿದ್ದರು ಎಂದಾಗ ಚಪ್ಪಾಳೆ ಬಿತ್ತು. ಅಲ್ಲಿಂದ ಒಂದೇ ಜಿಗಿತಕ್ಕೆ ಗಾಂವಠಿ ಶಾಲೆಗೆ ಬಂದೆವು: ಮಠದ ಪಡಸಾಲೆ, ಉಸುಕಿನ ಮೇಲೆ ಓನಾಮ ತಿದ್ದುವುದು, ಐಗಳಿಗೆ ಸುಗ್ಗಿಯಲ್ಲಿ ಕಾಳು. ಪೇಶ್ವೆಯವರು ಹೋಗಿ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಶಾಲೆ ಬಂದರೂ ಮರಾಠಿಯ ಜೋರಿತ್ತು. 1860ರ ದಶಕದಲ್ಲಿ ಶಿಕ್ಷಣ ಇಲಾಖೆಗೆ ಬಂದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಮಕ್ಕಳಿಗೆ ಕನ್ನಡ ಶಾಲೆಯೇ ಆಗಬೇಕೆಂದು ಊರೂರು ತಿರುಗಿದರು. 1881ರಲ್ಲಿ ತೀರಿಹೋದಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಒಂಬತ್ತು ವರ್ಷದ ಮೇಲೆ ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರಿಂದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು.

ತಾಲೂಕಿಗೊಬ್ಬರನ್ನು ಹೇಳಿದೆವು. ಶಿಗ್ಗಾವಿಗೆ ಶಿಶುನಾಳದ ಷರೀಫರು. 1819ರಲ್ಲಿ ಹುಟ್ಟಿದ ಅವರು ಕೆಲಕಾಲ ಶಾಲೆಯ ಮಾಸ್ತರರಾಗಿದ್ದವರು ಎಂಬುದು ಅವರ ಪದ ಹಾಡುವ ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಹಿರೇಕೆರೂರಿಗೆ ಸಾತೇನಹಳ್ಳಿಯ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು (1856–1920). ಅವರೂ ಕನ್ನಡ ಶಾಲೆಯ ಮಾಸ್ತರರು. ಮರಾಠಿ ನಾಟಕಗಳ ಭರಾಟೆಯಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಸವಣೂರಿಗೆ ವಿ.ಕೃ. ಗೋಕಾಕರು. 1909ರಲ್ಲಿ ಅಲ್ಲೇ ಹುಟ್ಟಿ, ನವಾಬರ ಸಂಸ್ಥಾನದ ಮಜೀದ್ ಹೈಸ್ಕೂಲಿನಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿ ಬಂದವರು. ಮುಂದೆ ಶಾಲೆಯಲ್ಲಿ ಕನ್ನಡದ ಸ್ಥಾನ ಏನು ಎಂಬ ವರದಿಗೆ ಅವರದೇ ಹೆಸರು ಬಿತ್ತು.

ಹಾನಗಲ್ಲಿನ ಸರದಿ ಬಂದಾಗ ಸಭೆ ಸುಮ್ಮನಾಯಿತು. ಪಂಚಾಕ್ಷರಿ ಗವಾಯಿಗಳು ಈ ತಾಲೂಕಿನ ಕಾಡಶೆಟ್ಟಿಹಳ್ಳಿಯವರು, ಹುಟ್ಟುಗುರುಡರು. 1892ರಲ್ಲಿ ಹುಟ್ಟಿದ ಆ ಹುಡುಗನನ್ನು ಯಾವ ಸರಕಾರಿ ಶಾಲೆ ಸೇರಿಸಿಕೊಳ್ಳಬೇಕಿತ್ತು? ಹಾನಗಲ್ಲ ಕುಮಾರ ಸ್ವಾಮಿಗಳು ಕೈ ಹಿಡಿದರು, ಸಂಗೀತ ಕಲಿಸಿದರು. ಆ ಹುಡುಗ ದೊಡ್ಡವರಾಗಿ ತಮ್ಮಂಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುವ ಶಾಲೆ ನಡೆಸಿದರು. ಅದು ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಇದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಕೂಸಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅಲ್ಲಿ ಕಲಿತರು, ಅಲ್ಲೇ ಕಲಿಸಿದರು. ನಮ್ಮ ಪ್ರಕಾರ ಈ ನಾಲ್ಕು ತಾಲೂಕಿನ ಶಿಕ್ಷಣ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯವಿಲ್ಲ, ಅದು ಯಾವ ಇಲಾಖೆಯ ಕಡತದಲ್ಲೂ ಶುರುವಾದದ್ದಲ್ಲ.

ಚಪ್ಪಾಳೆ ಜೋರಾಗಿಯೇ ಬಿತ್ತು. ಕೂತುಕೊಳ್ಳಬೇಕು ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಎದ್ದರು. "ಭಾಳ ಚಂದ ಹೇಳಿದ್ರೆಪಾ. ಒಂದ್ ಕೇಳ್ಲೇನು? ಸಾವಿರ ವರ್ಷದ ಲೆಕ್ಕದಾಗ ಒಬ್ಬಾಕಿ ಹೆಣ್ಮಗಳ ಹೆಸರು ಬರಲಿಲ್ಲಲ್ಲ?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ನಾಲ್ವರಲ್ಲಿ ಇಬ್ಬರು ಹುಡುಗಿಯರು, ಅವರಿಗೂ ಹೊಳೆದಿರಲಿಲ್ಲ ಎಂಬುದು ಇನ್ನೂ ನಾಚಿಕೆಯ ಮಾತು. 'ಕನ್ನಡ ಹೆಣ್ಣುಮಕ್ಕಳ ಶಾಲೆ' ಎಂಬ ಬೋರ್ಡು ನೋಡುತ್ತಲೇ ಬೆಳೆದವರು ನಾವು. ಅಲ್ಲಿ ಓದಿದವರು ಯಾರು ಎಂದು ಕೇಳಿರಲಿಲ್ಲ. ಬಾಯಿಯವರೇ ದಾರಿ ತೋರಿಸಿದರು: "ಹೆಸರು ಇಲ್ಲಂತಲ್ಲ. ಜನರಲ್ ರಜಿಸ್ಟರ್ ತೆಗೀರಿ, ಪುಟಗಟ್ಟಲೆ ಅದಾವ."

ಆ ಹೊತ್ತಿಗೆ ಸಭೆ ಮುಂದಿನ ವಿಷಯಕ್ಕೆ ಹೋಗಿತ್ತು. ತಾಲೂಕಿನ ಹಳ್ಳಿಯೊಂದರ ಶಾಲೆಗೆ ನೂರು ವರ್ಷ ದಾಟಿದೆ, ಅದಕ್ಕೆ ಕ್ಲಬ್ಬಿನಿಂದ ಸಿಮೆಂಟಿನ ಸ್ವಾಗತ ಕಮಾನು, ಕಮಾನಿನ ಮೇಲೆ ದಾನಿಗಳ ಹೆಸರು. ಆ ಊರು ನಮ್ಮಲ್ಲಿ ಶಿಗ್ಗಾವಿಯವಳ ಅವ್ವನ ತವರು. ಆಕೆ ಸಭೆಯಲ್ಲಿ ಅದನ್ನು ಹೇಳಲಿಲ್ಲ. ಗಿರಮಿಟ್ಟು, ಮಿರ್ಚಿ ತಿಂದು ಚಹಾ ಕುಡಿಯುವಾಗ ಬಾಯಿಯವರನ್ನು ಹಿಡಿದು, ಶನಿವಾರ ನಮ್ಮ ಜೊತೆ ಬರುತ್ತೀರಾ ಎಂದು ಕೇಳಿದಳು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೋದೆವು. ಮುಖ್ಯ ಶಿಕ್ಷಕರು ಒಳ್ಳೆಯವರು. ಹಳೆಯ ಪುಸ್ತಕಗಳು ಬಿಸಿಯೂಟದ ಅಕ್ಕಿ ಚೀಲದ ಪಕ್ಕ, ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿದ್ದವು. ತಳದ ಎರಡಕ್ಕೆ ಗೆದ್ದಲು ಹತ್ತಿತ್ತು. ಇವು ಬರೀ ಹಳೆಯ ಕಾಗದವಲ್ಲ. ಜಾತಿ ಪ್ರಮಾಣಪತ್ರಕ್ಕೆ, ವಯಸ್ಸಿನ ದಾಖಲೆಗೆ ಜನ ಇನ್ನೂ ಬರುತ್ತಾರೆ, ತೆಗೆದು ತೆಗೆದು ಹಾಳೆಗಳ ಮೂಲೆ ಪುಡಿಯಾಗಿತ್ತು. ಅನುಕ್ರಮ ಸಂಖ್ಯೆ, ಹೆಸರು, ಜಾತಿ, ಹುಟ್ಟಿದ ದಿನ, ಶಾಲೆಗೆ ಸೇರಿದ ದಿನ, ನಡತೆ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ, ಷರಾ. ಹುಟ್ಟಿದ ದಿನದ ಕಂಬದಲ್ಲಿ ಮೇಲಿಂದ ಕೆಳಗೆ ಜೂನ್ 1, ಜೂನ್ 1, ಜೂನ್ 1.

ನಾವು ಓದುತ್ತ ಕೂತದ್ದು 'ಬಿಟ್ಟ ಕಾರಣ' ಎಂಬ ಕಂಬವನ್ನು. ಗಂಡುಹುಡುಗರಿಗೆ ಕಾರಣ ಹಲವು: ದನ ಕಾಯಲು, ಊರು ಬಿಟ್ಟರು, ಪಾಸಾಗಿ ಹೋದ. ಹುಡುಗಿಯರಿಗೆ ಬಹಳ ಕಡೆ ಒಂದೇ ಸಾಲು: ಪಾಲಕರ ಇಚ್ಛೆ ಮೇರೆಗೆ. ಅದರ ಕೆಳಗೆ ಅದೇ ಎಂದು ಸೂಚಿಸುವ ಎರಡು ಗೀಟು, ಅದರ ಕೆಳಗೆ ಮತ್ತೆ ಎರಡು ಗೀಟು.

ಸಂಜೆ ನಾಲ್ಕರ ಹೊತ್ತಿಗೆ ಅವಳ ಅವ್ವನ ಹೆಸರು ಸಿಕ್ಕಿತು. ಸೇರಿದ್ದು 1978, ಬಿಟ್ಟದ್ದು 1982, ನಾಲ್ಕನೇ ತರಗತಿ. ನಡತೆ ಉತ್ತಮ. ಬಿಟ್ಟ ಕಾರಣದಲ್ಲಿ ಎರಡು ಗೀಟು. ಅದೇ ಪುಟದಲ್ಲಿ ನಾಲ್ಕು ಸಾಲು ಕೆಳಗೆ ಸೋದರಮಾವನ ಹೆಸರಿತ್ತು, ಅವನು ಏಳನೇ ತರಗತಿ ಮುಗಿಸಿದ್ದ.

ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ ಅವ್ವನಿಗೆ ತೋರಿಸಿದಳು. ಅವ್ವ ಕನ್ನಡಕ ಹಾಕಿಕೊಂಡು ತನ್ನ ಹೆಸರನ್ನು ಬೆರಳಿಟ್ಟು ಓದಿದರು. ಎರಡು ಗೀಟಿನ ಅರ್ಥ ಕೇಳಿದರು. ಹೇಳಿದಳು. "ಪಾಲಕರ ಇಚ್ಛಾನಾ? ನಮ್ಮಪ್ಪಗ ಕಲಿಸಬೇಕಂತನ ಇತ್ತು. ತಮ್ಮನ್ನ ಎತ್ತಿಕೊಳ್ಳಾಕ ಮನಿಯಾಗ ಯಾರೂ ಇರಲಿಲ್ಲ, ಅವ್ವ ಕೂಲಿಗಿ ಹೋಗ್ತಿದ್ಲು. ಮಾಸ್ತರು ಒಮ್ಮಿ ಮನಿ ತನಕಾ ಬಂದಿದ್ರು. ಇದರಾಗ ಅದೇನೂ ಬರದಿಲ್ಲೇನು?"

ಬರೆದಿರಲಿಲ್ಲ. ಆ ಕಂಬ ಒಂದೂವರೆ ಇಂಚು ಅಗಲವಿತ್ತು.

ಮುಂದಿನ ವಾರ ಕರೆಯದಿದ್ದರೂ ಸಭೆಗೆ ಹೋದೆವು. ಕಮಾನಿನ ಬದಲು ಒಂದು ಕಬ್ಬಿಣದ ಕಪಾಟು ಕೊಡಿಸಿ, ಉಳಿದ ದುಡ್ಡಿನಲ್ಲಿ ಹಳೆಯ ರಜಿಸ್ಟರುಗಳ ಸ್ಕ್ಯಾನ್ ಮಾಡಿಸಿ ಎಂದು ಕೇಳಿದೆವು. ಅಧ್ಯಕ್ಷರು ಮುಚ್ಚುಮರೆ ಮಾಡಲಿಲ್ಲ. "ಕಮಾನಿಗಿ ದುಡ್ಡು ಕೊಟ್ಟವರಿಗಿ ಹೆಸರು ಹಾಕಸ್ತೀವಿ ಅಂತ ಮಾತ್ ಕೊಟ್ಟೀವ್ರಿ. ಕಪಾಟಿನ ಮುಂದ ನಿಂತು ಫೋಟೋ ತೆಗಸಿದ್ರ ನೀವರ ಹಾಕ್ತೀರೇನು?" ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಮೂರು ಸಾಲಿಗೆ ಇಳಿಸುತ್ತಿದ್ದವರು ನಾವೇ. ತರುಣ ಸದಸ್ಯರೊಬ್ಬರು ಎಲ್ಲ ಹಾಳೆಗಳನ್ನೂ ಅಂತರ್ಜಾಲಕ್ಕೆ ಹಾಕೋಣ ಎಂದು ಉತ್ಸಾಹ ತೋರಿದರು. ಅದಕ್ಕೆ ನಾವೇ ಬೇಡವೆಂದೆವು. ಜಾತಿಯ ಕಂಬವಿದೆ, ನಾಪಾಸಾದವರ ಲೆಕ್ಕವಿದೆ, ಅವರು ಅದೇ ಊರಲ್ಲಿ ಬದುಕಿದ್ದಾರೆ. ಪ್ರತಿ ಶಾಲೆಯಲ್ಲೇ ಇರಲಿ, ಬೇಕಾದವರು ಬಂದು ನೋಡಲಿ.

ಕೊನೆಗೆ ಕಮಾನು ಆಯಿತು. ಕಪಾಟು ಕೂಡ ಆಯಿತು, ದಂಡ ವಸೂಲಿ ಮಾಡುವ ಔಷಧಿ ಅಂಗಡಿಯವರು ತಮ್ಮ ಹಳೆಯದೊಂದನ್ನು ಬಣ್ಣ ಹೊಡೆಸಿ ಟಂಟಂ ಗಾಡಿಯಲ್ಲಿ ಕಳಿಸಿಕೊಟ್ಟರು. ಸ್ಕ್ಯಾನಿಗೆ ದುಡ್ಡಾಗಲಿಲ್ಲ. ಹಾಗಾಗಿ ಶನಿವಾರ ಶನಿವಾರ ನಾವೇ ಫೋನಿನಲ್ಲಿ ಪುಟ ಪುಟ ಫೋಟೋ ತೆಗೆಯುತ್ತಿದ್ದೇವೆ. ಬಾಯಿಯವರು ಮೋಡಿ ಹತ್ತಿದ ಹಳೆಯ ಕೈಬರಹವನ್ನು ಓದಿಕೊಡುತ್ತಾರೆ. ಜೊತೆಗೊಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಎರಡು ಗೀಟಿನವರು ಊರಲ್ಲಿ ಯಾರಾದರೂ ಸಿಕ್ಕರೆ ಅವರು ಹೇಳಿದ ಕಾರಣವನ್ನು ಅದರಲ್ಲಿ ಬರೆಯುತ್ತೇವೆ. ಇವತ್ತಿನವರೆಗೆ ಹನ್ನೊಂದು ಜನ ಸಿಕ್ಕಿದ್ದಾರೆ. ಅವ್ವನದು ಮೊದಲನೆಯ ಪುಟ. ಆಕೆ ಹೇಳಿದ್ದನ್ನು ಮಗಳು ಬರೆಯಲು ಹೋದಾಗ ಪೆನ್ನು ಕಸಿದುಕೊಂಡು ತಾವೇ ಬರೆದರು. ಅರ್ಧ ತಾಸು ಹಿಡಿಯಿತು.