ಮಾತಿನ ಗೋಪುರ

ವಿಡಿಯೊ ಆಟವೆಂದರೆ ಗುಂಡಿನ ಸದ್ದು, ವಾಹನಗಳ ಓಟವೆಂಬ ಭಾವನೆ ಸಾಮಾನ್ಯ. ಫ್ರಾನ್ಸಿನ ಸಣ್ಣ ತಂಡವೊಂದು 2023ರಲ್ಲಿ ಹೊರತಂದ ‘ಚಾಂಟ್ಸ್ ಆಫ್ ಸೆನ್ನಾರ್’ ಅಂಥದಲ್ಲ. ಬೇಬೆಲ್ ಗೋಪುರವನ್ನು ನೆನಪಿಸುವ ಅದರ ಅಂತಸ್ತುಗಳಲ್ಲಿ, ಪರಸ್ಪರ ಮಾತು ಕಳೆದುಕೊಂಡ ಜನಾಂಗಗಳು ವಾಸಿಸುತ್ತವೆ. ಆಟಗಾರನು ಅಪರಿಚಿತ ಚಿಹ್ನೆಗಳ ಅರ್ಥವನ್ನು ಸಂದರ್ಭದಿಂದ ಊಹಿಸಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಚಿತ್ರಗಳೊಡನೆ ಸರಿಹೊಂದಿದಾಗಲೇ ಅದು ದೃಢವಾಗುತ್ತದೆ.

ಒಂದು ಭಾಷೆಯಲ್ಲಿ ಚಿಹ್ನೆಯನ್ನು ಎರಡು ಬಾರಿ ಬರೆದರೆ ಬಹುವಚನ. ಇನ್ನೊಂದರಲ್ಲಿ ಪದಕ್ರಮವೇ ಬೇರೆ. ಅಕ್ಕಲಕೋಟೆ ಸೀಮೆಯಲ್ಲಿ ಎರಡು ಭಾಷೆಗಳಲ್ಲಿ ಕಲಿತ ನನಗೆ ಈ ಶ್ರಮ ಪರಿಚಿತವೆನಿಸಿತು. ಪುಸ್ತಕ, ವಹಿ ಎರಡೂ ಕನ್ನಡದಲ್ಲಿ ನಪುಂಸಕಲಿಂಗ. ಮರಾಠಿ ತರಗತಿಯಲ್ಲಿ ವಹಿ ಸ್ತ್ರೀಲಿಂಗ.

ಮನಸ್ಸನ್ನು ಕಲಕಿದ್ದು ಮತ್ತೊಂದು ಸಂಗತಿ. ಕೆಳಗಿನ ಅಂತಸ್ತಿನ ಭಕ್ತರನ್ನು ಯೋಧರು ಕರೆಯುವ ಶಬ್ದಕ್ಕೆ ‘ಅಶುದ್ಧ’ ಎಂದರ್ಥ. ಭಾಷೆಯನ್ನು ಕಲಿಯುವವನು ಅದರ ತಿರಸ್ಕಾರವನ್ನೂ ಕಲಿಯಬೇಕಾಗುತ್ತದೆ. ಮುಂದೆ ಆಟಗಾರನೇ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅನುವಾದಿಸಿ, ಮುರಿದ ಸಂಬಂಧವನ್ನು ಬೆಸೆಯುತ್ತಾನೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೇ, ಗಡಿಯಲ್ಲಿರುವ ನಿಮಗೆ ನೆರೆಭಾಷೆಯೂ ಬರುತ್ತದೆ. ನಿಮ್ಮೂರಿನಲ್ಲಿ ಒಂದು ಓಣಿಯವರು ಇನ್ನೊಂದು ಓಣಿಯವರಿಗೆ ಇಟ್ಟ ಹೆಸರನ್ನು ಗಮನಿಸಿರಿ. ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆಂಬುದನ್ನೂ ಪಕ್ಕದಲ್ಲಿಯೇ ಬರೆದುಕೊಳ್ಳಿರಿ.