ಖಯಾಲಿನ ಕಿವಿಗೆ ಜಾಜ್

ವಳಸಂಗದ ಕನ್ನಡ ಶಾಲೆಯ ಮಾಸ್ತರನಿಗೆ ಜಾಜ್ ಸಂಗೀತದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಸ್ಟಾಫ್ ರೂಮಿನಲ್ಲಿಯೂ ಇದೇ ಪ್ರಶ್ನೆ. "ಏನ್ರಿ ಸರ್, ಮನಸೂರರನ್ನ ಬಿಟ್ಟು ಬ್ಯಾಂಡ್ ಬಾಜಾ ಹಚ್ಚೀರಲ್ಲ!" ಎಂದು ಹಿರಿಯ ಶಿಕ್ಷಕರೊಬ್ಬರು ಚೇಷ್ಟೆ ಮಾಡಿದರು. ಬಿಟ್ಟಿಲ್ಲ. ಅವರನ್ನು ಕೇಳಿದ ಕಿವಿಯಿಂದಲೇ ಇದನ್ನೂ ಕೇಳುತ್ತಿದ್ದೇನೆ.

ನಾನು ಬೆಳೆದದ್ದು ಆಕಾಶವಾಣಿಯ ಶಾಸ್ತ್ರೀಯ ಸಂಗೀತ ಕೇಳುತ್ತ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ. ಭೀಮಸೇನರು 1922ರಲ್ಲಿ ಹುಟ್ಟಿದ್ದು ಗದಗ ಸೀಮೆಯಲ್ಲಿ, ನೆಲೆಸಿದ್ದು ಪುಣೆಯಲ್ಲಿ. ದಾಸರ ಪದವನ್ನೂ ಹಾಡಿದರು, ಮರಾಠಿ ಅಭಂಗವನ್ನೂ ಹಾಡಿದರು. ನಮ್ಮಂಥ ಗಡಿಯವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವುದಿದೆ?

ಜಾಜ್‌ನ ಬಾಗಿಲು ತೆರೆದವರು ನಮ್ಮವರೇ ಆದ ಕದ್ರಿ ಗೋಪಾಲನಾಥರು (1949–2019). ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಅವರು ಎಲ್ಲರಿಗೂ ಗೊತ್ತು. ಅಮೆರಿಕದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ 2008ರಲ್ಲಿ ಬಂದ ‘ಕಿನ್ಸ್‌ಮೆನ್’ ಎಂಬ ಅವರ ಆಲ್ಬಮ್ ಮಾತ್ರ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಕಿನ್ಸ್‌ಮೆನ್ ಎಂದರೆ ನೆಂಟರು. ಮಹಾಂತಪ್ಪ ಎಂಬ ಹೆಸರು ನೋಡಿಯೇ ನಾನು ಕೇಳಲು ಕುಳಿತದ್ದು! ಅವರು ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಕೊಲರಾಡೋದಲ್ಲಿ. ಅಣ್ಣ ತಮಾಷೆಗೆಂದು ಕೊಟ್ಟ ಕದ್ರಿಯವರ ಆಲ್ಬಮ್ಮಿನಿಂದ ಅವರಿಗೆ ಈ ಕಡೆಯ ನಾದ ಹತ್ತಿತಂತೆ. ಅವರು ಅತ್ತಲಿಂದ ಇತ್ತ ಬಂದರೆ, ನಾನು ಇತ್ತಲಿಂದ ಅತ್ತ ಹೊರಟೆ.

ಅಲ್ಲಿಂದ ಮುಂದೆ ಸಿಕ್ಕಿದ್ದು ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’. ಖಯಾಲ್ ಕೇಳುವವರು ಇದರ ಮೊದಲ ರಚನೆ ‘ಸೋ ವಾಟ್’ನಿಂದಲೇ ಆರಂಭಿಸಬೇಕು ಎಂದು ನನ್ನ ಸಲಹೆ. ಬಾಸ್ ವಾದ್ಯ ಒಂದು ಪ್ರಶ್ನೆ ಕೇಳಿದಂತೆ ನುಡಿಯುತ್ತದೆ, ಉಳಿದವು ಚುಟುಕಾಗಿ ಉತ್ತರಿಸುತ್ತವೆ. ನಾಲ್ಕು ಮಾತ್ರೆಯ 32 ಖಂಡಗಳು ಸೇರಿ ಒಂದು ಆವರ್ತನ. ಅದರ ಸ್ವರಗಳು ನಮ್ಮ ಕಾಫಿ ಥಾಟಿನವು: ಗಾಂಧಾರ, ನಿಷಾದ ಕೋಮಲ. ಕಾಫಿ ರಾಗವೆಂದು ಮಾತ್ರ ತಿಳಿಯಬೇಡಿ, ಚಲನೆ ಬೇರೆ.

ಮೊದಲ 16 ಖಂಡ ಹಾಯಾಗಿ ಸಾಗುತ್ತದೆ. ಆಮೇಲೆ ಷಡ್ಜವೇ ಕೋಮಲ ರಿಷಭದ ಜಾಗಕ್ಕೆ ಸರಿಯುತ್ತದೆ! ತಂಬೂರಿಯ ಅಖಂಡ ‘ಸಾ’ದ ಮೇಲೆ ಬಾಳಿದ ಕಿವಿಗೆ ಕಾಲ ಕೆಳಗಿನ ನೆಲ ಜರುಗಿದಂತಾಗುತ್ತದೆ. ಎಂಟು ಖಂಡ ಅಲ್ಲಿದ್ದು ಕೊನೆಯ ಎಂಟಕ್ಕೆ ಮತ್ತೆ ಮೂಲ ಷಡ್ಜ. ಆ ಮರಳುವಿಕೆಯಲ್ಲಿ ಸಮ್‌ಗೆ ಬಂದ ಸುಖವೇ ಇದೆ. ಆದರೆ ಮೊದಲ ಷಡ್ಜ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತವನಿಗೆ ಮಾತ್ರ ಆ ಸುಖ.

ಇನ್ನೊಂದು ಕಷ್ಟ ತಾಳದ್ದು. ನಮ್ಮ ಕೈ ಒಂದನೇ ಮಾತ್ರೆಗೆ ಬೀಳುತ್ತದೆ. ಜಾಜ್‌ನಲ್ಲಿ ಸಾಮಾನ್ಯವಾಗಿ ಎರಡು, ನಾಲ್ಕನೇ ಮಾತ್ರೆಗೆ ಒತ್ತು. ಏಳನೇ ತರಗತಿಯ ಮಕ್ಕಳಿಗೆ ಮೊಬೈಲಿನಲ್ಲಿ ಹಚ್ಚಿ ತೋರಿಸಿದೆ. ನನಗೆ ಎಂಟು ದಿನ ಹಿಡಿದದ್ದು ಹಲಗಿ ಬಾರಿಸುವ ಒಬ್ಬ ಹುಡುಗನಿಗೆ ಎರಡೇ ನಿಮಿಷ! "ಸರ್, ಇದು ಸಂದಿನ್ಯಾಗ ಬಡಿಯೂದು" ಎಂದ. ಇದಕ್ಕಿಂತ ಚೊಕ್ಕ ವಿವರಣೆ ನಾನು ಓದಿಲ್ಲ.

ಆ ಹುಡುಗನ ತಂದೆ ಹೋದ ವಾರ ಶಾಲೆಗೆ ಬಂದಿದ್ದರು. "ಮುಂದಿನ ವರ್ಷ ಇಂಗ್ಲಿಷ್ ಸಾಲಿಗೆ ಹಾಕಬೇಕಂತೀನ್ರಿ. ಕನ್ನಡಾ ಮನ್ಯಾಗ ಐತೆಲ್ಲ, ಎಲ್ಲಿ ಹೋಗತೈತಿ?" ಗಡಿಯ ಶಿಕ್ಷಕರೇ, ಈ ಮಾತು ನೀವೂ ಕೇಳಿದ್ದೀರಿ. ತಂದೆಯ ಚಿಂತೆ ಸುಳ್ಳಲ್ಲ. ನೌಕರಿ, ಸಿಇಟಿ, ಕಾಲೇಜು ಎಲ್ಲವೂ ಮುಂದಿವೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಎಂದು ದಿನಕ್ಕೆ ಹತ್ತು ಸಲ ಷಡ್ಜ ಬದಲಿಸುವವರೇ. ಅದು ಅವರ ಶಕ್ತಿ.

ಅಮೆರಿಕಕ್ಕೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದ ಜನ ತಮ್ಮ ಭಾಷೆಗಳನ್ನು ಕಳೆದುಕೊಂಡರು. ಲಯ ಮಾತ್ರ ಉಳಿಯಿತು. ಅವರ ವಂಶಜರು ನ್ಯೂ ಆರ್ಲಿಯನ್ಸ್‌ನಲ್ಲಿ ಕಟ್ಟಿದ್ದೇ ಜಾಜ್. ಉಳಿದದ್ದರಿಂದ ಇಷ್ಟು ದೊಡ್ಡದನ್ನು ಕಟ್ಟಿದರು, ನಿಜ. ಆದರೆ ಹೋದ ಭಾಷೆ ಮರಳಲಿಲ್ಲ. ಅವರಿಂದ ಕಸಿದುಕೊಂಡದ್ದನ್ನು ನಾವು ನಾವಾಗಿಯೇ ಬಿಟ್ಟುಕೊಡುವುದೇ?

ಇಷ್ಟೆಲ್ಲ ಆ ತಂದೆಗೆ ಹೇಳಲಿಲ್ಲ. "ಇಂಗ್ಲಿಷ್ ನಾವೂ ಕಲಸ್ತೀವ್ರಿ. ಹತ್ತನೆತ್ತಾ ತನಕಾ ತಂಬೂರಿ ಗಟ್ಟಿ ಹೊಂದಸೋಣು, ಆಮ್ಯಾಲೆ ಯಾವ ಪಟ್ಟಿಗೆ ಬೇಕಾದರೂ ಹಾಡ್ಲಿ" ಎಂದೆ. ಅವರು ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರು. ನಕ್ಕು "ವಿಚಾರ ಮಾಡ್ತೀನ್ರಿ" ಎಂದು ಹೊರಟರು. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರು ಉಳಿಯಿತೋ ಇಲ್ಲವೋ ಜೂನ್ ತಿಂಗಳಿಗೆ ತಿಳಿಯುತ್ತದೆ.