ಬ್ಯಾಂಕಾಕಿನಲ್ಲಿ ಐದು ದಿನ

ಬ್ಯಾಂಕಾಕಿಗೆ ಹೋಗಿ ಬಂದೆವೆಂದರೆ ನಮ್ಮ ಮಂದಿ ಮೊದಲು ಕೇಳುವುದು ಒಂದೇ ಮಾತು: “ಊಟಕ್ಕೆ ಏನು ಮಾಡಿದ್ರಿ?” ಊರು ಹೇಗಿತ್ತು, ಪೇಟೆ ಹೇಗಿತ್ತು ಎಂಬುದೆಲ್ಲ ಆಮೇಲೆ. ವ್ಯಾಪಾರದ ನಿಮಿತ್ತ ಆ ಕಡೆ ಹೊರಡುವ ನಮ್ಮ ತರುಣರು ಈಗ ಹೆಚ್ಚುತ್ತಿರುವುದರಿಂದ ಎರಡಕ್ಕೂ ಕೂಡಿಯೇ ಉತ್ತರ ಬರೆಯುತ್ತಿದ್ದೇವೆ.

2024ರ ಅಕ್ಟೋಬರ್ ಮೊದಲ ವಾರ ಸೊಲ್ಲಾಪುರಿ ಟಾವೆಲ್ಲಿನ ನಮೂನೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನಾವು ಒಬ್ಬರೇ ಹೋಗಿದ್ದೆವು. ಜೊತೆಗೆ ಖಡಕ್ ರೊಟ್ಟಿ, ಬಳ್ಳೊಳ್ಳಿ ಹಾಕದ ಶೇಂಗಾ ಚಟ್ನಿ. ಮುಂಬೈಯಿಂದ ವಿಮಾನದಲ್ಲಿ ಸುಮಾರು ನಾಲ್ಕೂವರೆ ತಾಸು. ಗಡಿಯಾರವನ್ನು ಒಂದೂವರೆ ತಾಸು ಮುಂದಕ್ಕೆ ತಿರುಗಿಸಬೇಕು.

2006ರಲ್ಲಿ ತೆರೆದ ಅಲ್ಲಿಯ ದೊಡ್ಡ ವಿಮಾನ ನಿಲ್ದಾಣದ ಹೆಸರು ‘ಸುವರ್ಣಭೂಮಿ’. ಈ ಹೆಸರು ನಮ್ಮ ಪುರಾಣಗಳಿಗೆ ಹೊಸದಲ್ಲ. ಇದ್ದುದೆಲ್ಲ ಕಳೆದುಕೊಂಡ ಚಾರುದತ್ತ ಮತ್ತೆ ಧನಾರ್ಜನೆಗೆಂದು ಹೊರಟದ್ದು ಆ ದಿಕ್ಕಿಗೇ. ನಗರವನ್ನು ಅಲ್ಲಿಯವರು ಬ್ಯಾಂಕಾಕ್ ಎನ್ನುವುದಿಲ್ಲ, ‘ಕ್ರುಂಗ್ ಥೇಪ್ ಮಹಾನಗರ’ ಎನ್ನುತ್ತಾರೆ. ಅದರ ಪೂರ್ಣ ಹೆಸರು ಜಗತ್ತಿನ ಅತಿ ಉದ್ದದ ಊರಹೆಸರು. ಅಮರ, ರತ್ನ, ಮಹೇಂದ್ರ, ಅಯೋಧ್ಯೆ, ವಿಷ್ಣುಕರ್ಮ ಎಂಬ ಪದಗಳೆಲ್ಲ ಅದರೊಳಗಿವೆ. 1782ರಲ್ಲಿ ಒಂದನೆಯ ರಾಮ ಎಂಬ ಅರಸ ಚಾವೊ ಪ್ರಯಾ ನದಿಯ ಪೂರ್ವದಂಡೆಗೆ ರಾಜಧಾನಿ ತಂದ. ಅರಮನೆಗೆ ಜಾಗ ಬೇಕಾಗಿ ಅಲ್ಲಿದ್ದ ಚೀನೀ ವರ್ತಕರನ್ನು ದಕ್ಷಿಣಕ್ಕೆ ಕಳಿಸಿದ. ಅವರು ನೆಲೆ ನಿಂತ ಸಾಂಪೆಂಗ್ ಓಣಿಯೇ ಇಂದಿಗೂ ಸಗಟು ಪೇಟೆ.

ಮೊದಲ ದಿನ ನದಿಯ ದೋಣಿ ಹಿಡಿದೆವು. ಒಬ್ಬರೇ ತಿರುಗುವವರಿಗೆ ಅದರಷ್ಟು ಸೋವಿ, ನಿರಾತಂಕದ ವಾಹನ ಬೇರಿಲ್ಲ. ವಾಟ್ ಫೋ ಮಂದಿರದಲ್ಲಿ ಮಲಗಿದ ಬುದ್ಧನ ಮೂರ್ತಿ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಗೋಡೆಯ ಬದಿಗೆ 108 ಕಂಚಿನ ಪಾತ್ರೆ. ಭಕ್ತರು ಒಂದೊಂದರಲ್ಲೂ ನಾಣ್ಯ ಹಾಕುತ್ತ ಸಾಗುತ್ತಾರೆ. ನಮ್ಮ ಜಪಮಾಲೆಯ ಮಣಿಗಳೂ ಅಷ್ಟೇ. ಎದುರು ದಂಡೆಯಲ್ಲಿ ಅರುಣನ ಹೆಸರಿನ ವಾಟ್ ಅರುಣ್. ಅದರ ಶಿಖರಕ್ಕೆಲ್ಲ ಚೀನೀ ಪಿಂಗಾಣಿಯ ಚೂರುಗಳನ್ನು ಹೂವಿನ ಆಕಾರದಲ್ಲಿ ಅಂಟಿಸಿದ್ದಾರೆ. ಮಂದಿರಗಳಲ್ಲಿ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಪಾದರಕ್ಷೆ ಹೊರಗೆ ಬಿಡಬೇಕು.

ಅರಮನೆಯ ಹೊರಗೆ ಒಬ್ಬ ಗಟ್ಟಿ ಅಂಗಿಯ ಮನುಷ್ಯ ಇಂಗ್ಲಿಷಿನಲ್ಲಿ ಮಾತಿಗೆ ಬಂದ. “ಇವತ್ತು ಅರಮನೆ ಬಂದ್, ಅಗ್ಗದ ಹರಳಿನ ಅಂಗಡಿ ತೋರಿಸುತ್ತೇನೆ” ಎಂದು ಆಟೋ ಕರೆದ. ಇದು ಆ ಊರಿನ ಹಳೆಯ ಠಕ್ಕು; ನಾವು ಕೈಮುಗಿದು ಮುಂದೆ ನಡೆದೆವು. ಅರಮನೆಯ ಬಾಗಿಲು ತೆರೆದೇ ಇತ್ತು. ಹರಳು ನೋಡಬೇಕಿದ್ದರೆ ಸಿಲೋಮ್ ಬೀದಿಗೆ ಹೋಗಬೇಕು. ಅಲ್ಲಿ ಭಾರತದ ಜವಾಹಿರಿಗಳೂ ಬಹಳ ಜನ ಇದ್ದಾರೆ. ಮಾಣಿಕ್ಯ, ನೀಲಗಳನ್ನು ಕಾಯಿಸಿ ಬಣ್ಣ ಏರಿಸುವ ವಿದ್ಯೆಯಲ್ಲಿ ಥಾಯ್ ಜನ ಪಳಗಿದವರು. ಆದ್ದರಿಂದ ಕಾಯಿಸಿದ್ದೋ ಅಲ್ಲವೋ ಎಂಬುದರ ಪ್ರಯೋಗಶಾಲೆಯ ಪತ್ರವಿಲ್ಲದೆ ದುಡ್ಡು ಕೊಡಬಾರದು.

ಇನ್ನು ಊಟದ ಮಾತು. ಥಾಯ್ ಅಡಿಗೆಯಲ್ಲಿ ತರಕಾರಿ ಕಂಡಿತೆಂದು ಕೈಹಾಕುವಂತಿಲ್ಲ. ‘ನಾಮ್ ಪ್ಲಾ’ ಎಂಬ ಮೀನಿನ ರಸವನ್ನು ಉಪ್ಪಿನ ಬದಲು ಹಾಕುತ್ತಾರೆ. ಸೀಗಡಿಯ ಮುದ್ದೆ ಮಸಾಲೆಯಲ್ಲೇ ಬೆರೆತಿರುತ್ತದೆ. ಸಸ್ಯಾಹಾರಕ್ಕೆ ಅವರ ಶಬ್ದ ಕೇಳಿ ನಮಗೆ ರೋಮಾಂಚನವಾಯಿತು: ‘ಮಾಂಗ್ಸವಿರತ್’. ನಮ್ಮ ‘ಮಾಂಸ ವಿರತಿ’ಯೇ ಅದು! ಆದರೆ ಆ ಶಬ್ದ ಹೇಳಿದರೂ ಮೊಟ್ಟೆ, ಬಳ್ಳೊಳ್ಳಿ ಬರಬಹುದು. ನಮಗೆ ಹತ್ತಿರವಾದದ್ದು ಇನ್ನೊಂದು ಶಬ್ದ: ‘ಜೇ’. ಇದು ಚೀನೀಯರ ವ್ರತದ ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಯಂಥ ಘಾಟಿನ ಪದಾರ್ಥಗಳೂ ನಿಷಿದ್ಧ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದೇ ಗುರುತು.

ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಈ ವ್ರತದ ಹಬ್ಬ. ಆ ವರ್ಷ ಅಕ್ಟೋಬರ್ 3ಕ್ಕೆ ಶುರುವಾಯಿತು. ಚೀನೀ ಪೇಟೆಯಾದ ಯಾವೊರಾತ್ ಬೀದಿಯಲ್ಲಿ ಹಳದಿ ಬಾವುಟಗಳ ಸಾಲು, ಬಿಳಿ ಬಟ್ಟೆಯ ಜನ. ದಶಲಕ್ಷಣ ಪರ್ವ ಮುಗಿದು ಎರಡು ವಾರಕ್ಕೆ ತುಸು ಹೆಚ್ಚಾಗಿದ್ದ ನಮಗೆ ಆ ನೋಟ ಮನೆಯದೇ ಎನಿಸಿತು. ಆದರೆ ಜೇ ಊಟದಲ್ಲಿ ಬಟಾಟೆ, ಮೂಲಂಗಿ, ಅಣಬೆ ನಡೆಯುತ್ತವೆ. ಕಂದಮೂಲ ಬಿಟ್ಟವರು ಚೀಟಿ ತೋರಿಸಬೇಕು. ನಾವು ವಸತಿಗೃಹದ ಹುಡುಗಿಯಿಂದ ಥಾಯ್ ಲಿಪಿಯಲ್ಲಿ ಬರೆಸಿಕೊಂಡಿದ್ದೆವು. ಅಂಗಡಿಯ ಮುದುಕಿ ಅದನ್ನು ಎರಡು ಸಲ ಓದಿ, ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿ, ಕೊನೆಗೆ ಅನ್ನ, ಎಲೆಕೋಸು, ಸೋಯಾ ಹಾಲಿನ ಗಟ್ಟಿ ಬಡಿಸಿದರು. ಉಳಿದ ಹೊತ್ತಿಗೆ ಚಕ್ಕೋತ, ಪೇರಲ, ಬಾಳೆ, ಪಪ್ಪಾಯಿ ಧಾರಾಳ.

ಕಠಿಣವಾದದ್ದು ಹೊತ್ತಿನ ನಿಯಮ. ಅಕ್ಟೋಬರಿನಲ್ಲಿ ಅಲ್ಲಿ ಆರರ ಸುಮಾರಿಗೆ ಸೂರ್ಯಾಸ್ತ. ಊರಿನ ಪೇಟೆಯೆಲ್ಲ ದೀಪ ಹಚ್ಚಿ ಉಣ್ಣಲು ಕೂಡುವುದು ಆಮೇಲೆಯೇ. ಫಾಹುರಾತ್ ಎಂಬ ಬಟ್ಟೆಪೇಟೆಯಲ್ಲಿ ಸಿಖ್ಖರ ದೊಡ್ಡ ಗುರುದ್ವಾರವಿದೆ, ಭಾರತೀಯ ಅಂಗಡಿಗಳಿವೆ. ಅಲ್ಲಿಯ ಒಬ್ಬ ವರ್ತಕರು ನಮ್ಮ ನಮೂನೆ ಮೆಚ್ಚಿ, “ರಾತ್ರಿ ಎಂಟಕ್ಕೆ ಊಟಕ್ಕೆ ಬನ್ನಿ, ದರದ ಮಾತು ಅಲ್ಲೇ ಆಗಲಿ” ಎಂದರು. ನಾವು ಸಂಜೆಯ ನಂತರ ಉಣ್ಣುವುದಿಲ್ಲ, ಬೆಳಿಗ್ಗೆ ಬರುತ್ತೇವೆ ಎಂದೆವು. ಅವರ ಮುಖ ಸ್ವಲ್ಪ ಬಾಡಿತು. ಮರುದಿನ ಬೆಳಿಗ್ಗೆ ಹಣ್ಣು ಹೆಚ್ಚಿಟ್ಟು ಆದರದಿಂದಲೇ ಕೂರಿಸಿದರು. ನಮೂನೆ ಇಟ್ಟುಕೊಂಡರು, ಆರ್ಡರ್ ಮಾತ್ರ ಕೊಡಲಿಲ್ಲ. ರಾತ್ರಿ ಹೋಗಿದ್ದರೆ ಕೊಡುತ್ತಿದ್ದರೋ ಏನೋ ಹೇಳಲಾಗದು. ಮನೆಯಲ್ಲಿ ಐದೂವರೆಗೆ ತಾಟು ಹಾಕಿ ಕರೆಯುವವರಿರುತ್ತಾರೆ. ನಮ್ಮ ನಿಯಮದಲ್ಲಿ ಹೆಣ್ಣುಮಕ್ಕಳ ದುಡಿಮೆಯ ಪಾಲು ಎಷ್ಟೆಂಬುದು, ಕರೆಯುವವರಿಲ್ಲದ ಕೋಣೆಯಲ್ಲಿ ಒಬ್ಬರೇ ಗಡಿಯಾರ ನೋಡುತ್ತ ಕುಳಿತಾಗ ತಿಳಿಯುತ್ತದೆ.

ನಸುಕಿನಲ್ಲಿ ಎದ್ದವರಿಗೆ ಆ ಊರು ಬೇರೆಯೇ. ಬರಿಗಾಲಿನ ಭಿಕ್ಷುಗಳು ಪಾತ್ರೆ ಹಿಡಿದು ಓಣಿಗೆ ಬರುತ್ತಾರೆ. ಗೃಹಸ್ಥರು ಚಪ್ಪಲಿ ಕಳಚಿ ಆಹಾರ ನೀಡುತ್ತಾರೆ. ಮಧ್ಯಾಹ್ನದ ನಂತರ ಭಿಕ್ಷುಗಳು ಉಣ್ಣುವುದಿಲ್ಲ. ನಮ್ಮ ಮುನಿಗಳಂತೆ ಶೋಧಿಸಿ ಸ್ವೀಕರಿಸುವ ಕ್ರಮ ಅವರದಲ್ಲ. ಪಾತ್ರೆಗೆ ಬಿದ್ದದ್ದರಲ್ಲಿ ಮಾಂಸವೂ ಇರುತ್ತದೆ. ಆದರೂ ನೀಡುವವರ ಭಕ್ತಿ ನೋಡತಕ್ಕದ್ದು.

ಚೀನೀ ಪೇಟೆಯ ತುದಿಯಲ್ಲಿರುವ ವಾಟ್ ತ್ರೈಮಿತ್‌ಗೆ ತಪ್ಪದೆ ಹೋಗಬೇಕು. ಐದೂವರೆ ಟನ್ ತೂಕದ ಬಂಗಾರದ ಬುದ್ಧ ಅಲ್ಲಿದ್ದಾನೆ. ಬಹುಕಾಲ ಅದು ಗಾರೆಯ ಮೂರ್ತಿ ಎಂದೇ ಜನ ತಿಳಿದಿದ್ದರು. 1955ರಲ್ಲಿ ಸ್ಥಳಾಂತರಿಸುವಾಗ ಬಿದ್ದು ಗಾರೆ ಒಡೆದು ಒಳಗಿನ ಹೊಳಪು ಕಂಡಿತು. ಕರ್ಮದ ಆವರಣ, ಆತ್ಮದ ಪ್ರಭೆ ಎಂದು ಪ್ರವಚನಗಳಲ್ಲಿ ಕೇಳಿದ ಮಾತಿಗೆ ಇಷ್ಟು ಕಣ್ಣಿಗೆ ಕಾಣುವ ದೃಷ್ಟಾಂತ ನಮಗೆ ಬೇರೆಲ್ಲೂ ಸಿಕ್ಕಿಲ್ಲ.

ಹೊರಡುವವರಿಗೆ ಎರಡು ಸೂಚನೆ. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವ ವಿದೇಶೀಯರು ಆಗಮನದ ವಿವರವನ್ನು ಮೊದಲೇ ಕಂಪ್ಯೂಟರಿನಲ್ಲಿ ತುಂಬಬೇಕು. ಇನ್ನು ಊಟದ ಚೀಟಿಯಲ್ಲಿ ಬರೆಸಬೇಕಾದದ್ದು ಇಷ್ಟು: ಮಾಂಸ, ಮೀನು, ಮೀನಿನ ರಸ, ಸೀಗಡಿ, ಮೊಟ್ಟೆ, ಉಳ್ಳಾಗಡ್ಡಿ, ಬಳ್ಳೊಳ್ಳಿ, ನೆಲದೊಳಗಿನ ಗಡ್ಡೆ, ಅಣಬೆ ಬೇಡ. ಎರಡು ಪ್ರತಿ ಇರಲಿ. ಮಳೆಗೆ ಒಂದು ತೊಯ್ದೀತು.